ಮಿಡಿಮರದ ಪಟ್ಟಿಗೆ ಬೀಗ

ಗುಟ್ಟು ಕಾಯುವುದು ಹೇಗೆ ಎಂಬ ವಿಷಯದಲ್ಲಿ ನನ್ನಷ್ಟು ಉಪದೇಶ ಮಾಡಿದವರು ಶಿರಸಿಯಲ್ಲಿ ಇನ್ನೊಬ್ಬರು ಇರಲಾರರು. ನನಗೆ ಮೊದಲಿನಿಂದಲೂ ಬೀಗದ ಹುಚ್ಚು. ಸೈಕಲ್ಲಿಗೆ ಎರಡು ಬೀಗ ಹಾಕುತ್ತಿದ್ದೆ, ಊಟದ ಡಬ್ಬಿಗೂ ಒಂದು ಚಿಲಕ ಮಾಡಿಸಿದ್ದೆ. ಒಮ್ಮೆ ಮನೆಯ ಟ್ರಂಕಿನ ಕೀಲಿಕೈ ಕಳೆದು, ಹೆಂಡತಿ ಕತ್ತಿಯ ಹಿಡಿಯಿಂದ ಬೀಗ ಒಡೆದಾಗ ಒಳಗಿದ್ದದ್ದು ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಕಳ್ಳನನ್ನು ಕರೆದು ಕೈಯಲ್ಲಿ ಕೊಟ್ಟಿದ್ದರೂ ಅವನು ಅದನ್ನು ಒಯ್ಯುತ್ತಿರಲಿಲ್ಲ. ಇಂಥ ನಾನು ಈಗ ಬರೆಯಹೊರಟಿರುವುದನ್ನು ಯಾರ ಮುಂದೆಯೂ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳದೆ ಇರಲಾಗುವುದಿಲ್ಲ. ನನ್ನ ರೋಗವೇ ಅದು.

ನಮ್ಮದೊಂದು ಸಣ್ಣ ಬಳಗವಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಗಳ ದಂಡೆಯಲ್ಲಿರುವ ಅಪ್ಪೆಮಿಡಿ ಮಾವಿನ ಮರಗಳ ಪಟ್ಟಿ ಮಾಡುವುದು ನಮ್ಮ ಕೆಲಸ. ಉಪ್ಪಿನಕಾಯಿ ಮಿಡಿಯ ಒಳ್ಳೆಯ ಮರ ಎಲ್ಲಿದೆ ಎನ್ನುವುದನ್ನು ನಮ್ಮ ಕಡೆಯವರು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಸುಳಿವು ಸಿಕ್ಕರೆ ರಾತ್ರಿ ಬೆಳಗಾಗುವುದರೊಳಗೆ ಟೊಂಗೆ ಸಮೇತ ಕಡಿದು ಒಯ್ಯುವವರು ಇದ್ದಾರೆ. ಮರ ಉಳಿಯಬೇಕಾದರೆ ಕಸಿ ಕಟ್ಟಬೇಕು, ಕಸಿ ಕಟ್ಟಲು ಮರ ಎಲ್ಲಿದೆ ಎಂದು ಗೊತ್ತಿರಬೇಕು. ಹಾಗಾಗಿ ಯಜಮಾನರ ಹೆಸರು, ಫೋನ್ ನಂಬರು, ಮರದ ಜಾಗ ಎಲ್ಲವನ್ನೂ ಒಂದು ಆನ್‌ಲೈನ್ ಹಾಳೆಯಲ್ಲಿ ತುಂಬಿಸುತ್ತ ಬಂದೆವು. ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕನಾಗಿರುವ ನನಗೆ ಪಟ್ಟಿಯೆಂದರೆ ಪ್ರಾಣ, ಆದ್ದರಿಂದ ಅದು ನನ್ನ ಪಾಲಿಗೆ ಬಂತು.

ಒಂದು ದಿನ ಆ ಹಾಳೆಯ ಲಿಂಕ್ ನನಗೇ ವಾಟ್ಸಾಪಿನಲ್ಲಿ, ಪರಿಚಯವೇ ಇಲ್ಲದ ಒಂದು ಗುಂಪಿನಿಂದ ಬಂತು! ಯಾರು ಬೇಕಾದರೂ ತೆರೆದು ನೋಡಬಹುದಿತ್ತು. ಅಂದೇ ಹಾಳೆಯನ್ನು ಮುಚ್ಚಿದೆ. ಮುಂದಿನ ಸಭೆಯಲ್ಲಿ ಎದ್ದು ನಿಂತು ಮುಕ್ಕಾಲು ಗಂಟೆ ಮಾತಾಡಿದೆ. ಜನ ನಂಬಿ ಕೊಟ್ಟ ಮಾಹಿತಿ ಯಾವುದೋ ದೂರದ ಕಂಪನಿಯ ಯಂತ್ರದಲ್ಲಿ ಇರಬಾರದು. ನೋಡಲು ಲೆಕ್ಕದ ಹಾಳೆಯಂತಿರುವ, ಆದರೆ ನಮ್ಮದೇ ಕಂಪ್ಯೂಟರಿನಲ್ಲಿ ಕೂರುವ ಸಾಫ್ಟ್‌ವೇರ್ ಬೇಕು. ಯಾವ ಕಾಲಂ ಯಾರಿಗೆ ಕಾಣಬೇಕು ಎಂದು ನಾವೇ ಗೊತ್ತುಮಾಡಬೇಕು. ಯಾರು ಯಾವ ಮರದ ವಿವರ ತೆರೆದರು ಎಂಬುದು ತಾನಾಗಿ ದಾಖಲಾಗಬೇಕು. ಖಾಸಗಿ ಮಾಹಿತಿಯ ಹೊಸ ಕಾನೂನಿನ ಪ್ರಕಾರ ಪ್ರತಿ ಯಜಮಾನರಿಂದ ಒಪ್ಪಿಗೆ ಪತ್ರ ಪಡೆಯಬೇಕು, ಅವರು ಬೇಡವೆಂದರೆ ಅಳಿಸಬೇಕು.

ಬಳಗದ ಅಧ್ಯಕ್ಷರು ದಾಸನಕೊಪ್ಪದ ಕಿರಾಣಿ ಅಂಗಡಿಯ ವೀರಪ್ಪನವರು. ಎಲ್ಲ ಕೇಳಿ, "ಅಲ್ರೀ ಹೆಗಡೇರ, ಒಂದು ವಹಿಯೊಳಗ ಬರದು ನನ್ನ ಅಂಗಡ್ಯಾಗಿನ ಟ್ರಂಕಿನ್ಯಾಗ ಇಟ್ರ ಆಗೂದಿಲ್ಲೇನ್ರಿ?" ಎಂದರು. ಅವರ ಅಜ್ಞಾನಕ್ಕೆ ಮರುಗಿ ನಸುನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಮುಂದೆ ಎರಡು ತಿಂಗಳು ನಾನು ಮನುಷ್ಯನಾಗಿ ಉಳಿಯಲಿಲ್ಲ. ಒಂದು ಸಾಫ್ಟ್‌ವೇರ್ ಚೆನ್ನಾಗಿತ್ತು, ಆದರೆ ಕಾಲಂ ಮರೆಮಾಡಬೇಕೆಂದರೆ ದುಡ್ಡು ಕೇಳುತ್ತಿತ್ತು. ಇನ್ನೊಂದು ಪುಕ್ಕಟೆ, ಆದರೆ ಕನ್ನಡ ಅಕ್ಷರ ಕಂಡರೆ ಚೌಕದ ಡಬ್ಬಿ ತೋರಿಸುತ್ತಿತ್ತು. ಮೂರನೆಯದು ಎಲ್ಲದಕ್ಕೂ ಒಪ್ಪಿತು. ಕಾಲೇಜಿನವರು ಬೇಡವೆಂದು ಬಿಟ್ಟ ಹಳೆಯ ಕಂಪ್ಯೂಟರೊಂದನ್ನು ತಂದು, ಬಸ್ ಸ್ಟ್ಯಾಂಡ್ ಹತ್ತಿರದ ನಮ್ಮ ಕೋಣೆಯಲ್ಲಿಟ್ಟು, ವಿಡಿಯೋ ನೋಡಿಕೊಂಡು ಅದನ್ನು ಕೂರಿಸಿದೆ. ಕರೆಂಟು ಹೋದರೆ ಎಂದು ಬ್ಯಾಟರಿ, ಕೋಣೆಯ ಬಾಗಿಲಿಗೆ ಎರಡು ಬೀಗ. ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು. ಹೆಂಡತಿ ಒಂದು ದಿನ, "ಆ ಕಂಪ್ಯೂಟರಿಗೆ ಹಾಸಿಗೆನೂ ಅಲ್ಲೇ ಹಾಸಿಬಿಡಿ, ನಿಂಗಳೂ ಅಲ್ಲೇ ಮನಿಕ್ಯಳಿ" ಎಂದಳು.

ಪಟ್ಟಿಯ ಮುಕುಟಮಣಿ ಎಂದರೆ ಇಡಗುಂದಿ ಬದಿಯ ಪದ್ದತ್ತೆಯ ಜೀರಿಗೆ ಅಪ್ಪೆ. ಪದ್ದತ್ತೆ ನನಗೆ ಸಂಬಂಧದಲ್ಲಿ ಅತ್ತೆಯಲ್ಲ, ಊರಿಗೆಲ್ಲ ಅತ್ತೆ. ಆ ಮಿಡಿಯ ತೊಟ್ಟು ಮುರಿದರೆ ಅಡುಗೆಮನೆಯೆಲ್ಲ ಜೀರಿಗೆ ಹುರಿದಂತೆ ಘಮ್ಮೆನ್ನುತ್ತದೆ. ಮೂರು ಸಲ ಹೋಗಿ, ನಮ್ಮ ಸಾಫ್ಟ್‌ವೇರಿನ ಭದ್ರತೆಯನ್ನು ಬಣ್ಣಿಸಿದ ಮೇಲೆ ಅವಳು ಒಪ್ಪಿದಳು. "ಮರ ಎಲ್ಲಿದ್ದು ಹೇಳಿ ಯನ್ನ ಸೊಸೆಗೂ ಹೇಳಿದ್ನಿಲ್ಲೆ ತಮಾ. ನಿನ್ನ ನಂಬಿ ಹೇಳ್ತೆ" ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ಹಳ್ಳ ದಾಟಿಸಿ, ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು.

ಮರುವರ್ಷ ಮಿಡಿಯ ಕಾಲಕ್ಕೆ ಅವಳ ಫೋನ್ ಬಂತು. "ತಮಾ, ಮರ ಹೋತು. ಮಿಡಿ ಕೊಯ್ಯಲೆ ಬಂದವು ಟೊಂಗೆನೇ ಕಡ್ಕಂಡು ಹೋಯ್ದ." ಅಷ್ಟೇ ಹೇಳಿ ಇಟ್ಟುಬಿಟ್ಟಳು.

ನಾನು ಕೆರಳಿಹೋದೆ. ಅಂದೇ ಸಭೆ ಕರೆಸಿದೆ. "ನಮ್ಮೊಳಗೇ ಯಾರೋ ಬಾಯಿ ಬಿಟ್ಟಿದ್ದಾರೆ" ಎಂದು ಎಲ್ಲರ ಮುಖ ನೋಡುತ್ತ ಹೇಳಿದೆ. ವೀರಪ್ಪನವರ ಮುಖವನ್ನು ಎರಡು ಸಲ ನೋಡಿದೆ, ಯಾಕೆಂದರೆ ಅಂಗಡಿಯಲ್ಲಿ ಕೂತವರಿಗೆ ಮಾತು ಜಾಸ್ತಿ ಎಂಬುದು ನನ್ನ ಅನುಭವ. "ಸುಮ್ಮನೆ ಅನುಮಾನ ಬೇಡ. ಸಾಫ್ಟ್‌ವೇರ್ ಎಲ್ಲ ಬರೆದಿಟ್ಟಿದೆ" ಎಂದು ಗತ್ತಿನಿಂದ ದಾಖಲೆಯ ಪುಟ ತೆರೆದೆ. ಪದ್ದತ್ತೆಯ ಮರದ ವಿವರವನ್ನು ಹನ್ನೊಂದು ಸಲ ತೆರೆಯಲಾಗಿತ್ತು. ವೀರಪ್ಪನವರು ಕನ್ನಡಕ ಏರಿಸಿ ಮುಂದೆ ಬಾಗಿದರು. "ಇದರಾಗ ಬರೇ ನಿಮ್ಮ ಹೆಸರ ಐತಲ್ರಿ ಹೆಗಡೇರ" ಎಂದರು.

ಆಗ ನಾನು ಏನು ಹೇಳಿದೆ ಗೊತ್ತೇ? "ಸಾಫ್ಟ್‌ವೇರಿನಲ್ಲಿ ಏನೋ ದೋಷ ಇರಬಹುದು" ಎಂದೆ. ಎರಡು ತಿಂಗಳು ನಿದ್ದೆಗೆಟ್ಟು ಆರಿಸಿ ತಂದ, ಯಾರಿಗೂ ಏನೂ ಹೇಳದೆ ಮೂಲೆಯಲ್ಲಿ ಕೂತ ಆ ಬಡಪಾಯಿಯ ಮೇಲೆ ತಪ್ಪು ಹೊರಿಸಿದೆ. ವೀರಪ್ಪನವರೇ ಎದ್ದು ಚಹಾ ಹೇಳಿ ಬಂದರು. ಬೈದಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಚಹಾ ಅರ್ಧ ಕುಡಿಯುವಾಗ ನೆನಪಾಯಿತು. ಹಿಂದಿನ ತಿಂಗಳು ಸಿದ್ದಾಪುರದಲ್ಲೊಂದು ಮದುವೆಯೂಟ. ನಮ್ಮ ಕಡೆ ಬಾಳೆಲೆಯ ತುದಿಗೆ ಮಿಡಿ ಬಿತ್ತೆಂದರೆ ಕಚ್ಚಿ ನೋಡಿ, ಇದು ಯಾವ ಸೀಮೆಯ ಮರದ್ದು ಎಂದು ಹೇಳುವುದೊಂದು ಪ್ರತಿಷ್ಠೆ. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಗೃಹಸ್ಥರು ಕಚ್ಚಿ, ಕಣ್ಣು ಮುಚ್ಚಿ, "ಇಂಥ ಮಿಡಿ ಇನ್ನೆಲ್ಲೂ ಇಲ್ಲೆ" ಎಂದರು. ನನಗೆ ತಡೆಯಲಾಗಲಿಲ್ಲ. "ಇದೆಂತ ಮಹಾ! ಜೀರಿಗೆ ಅಪ್ಪೆ ನೋಡವು ನಿಂಗ" ಎಂದು ಶುರುಮಾಡಿದೆ. ಸಾರಿನ ಹೊತ್ತಿಗೆ ಇಡಗುಂದಿ ಮುಟ್ಟಿದ್ದೆ. ಪಾಯಸ ಬರುವಷ್ಟರಲ್ಲಿ ಹಳ್ಳ ದಾಟಿದ್ದೆ. ಮಜ್ಜಿಗೆಗೆ ಮರದ ಬುಡದಲ್ಲಿದ್ದೆ. ಅವರು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಬರೀ "ಹೌದಾ?" ಎನ್ನುತ್ತಿದ್ದರು.

ಪದ್ದತ್ತೆಯ ಮರವನ್ನು ಪಟ್ಟಿಯಿಂದ ಅಳಿಸಿದೆ. ಅಳಿಸಿದ್ದು ಮೊದಲು ಕಸದ ಬುಟ್ಟಿಗೆ ಹೋಗುತ್ತದೆ, ಅಲ್ಲಿಂದಲೂ ತೆಗೆದೆ. ಪೆನ್‌ಡ್ರೈವಿನಲ್ಲಿದ್ದ ಪ್ರತಿಯಿಂದಲೂ ತೆಗೆದೆ. ಅಳಿಸಿದ್ದಕ್ಕೆ ಕಾನೂನಿನಂತೆ ಒಂದು ಪತ್ರ ಮಾಡಿಕೊಂಡು ಅವಳಲ್ಲಿಗೆ ಹೋದೆ. ಮದುವೆಯೂಟದ ಕತೆಯನ್ನು ಒಂದೂ ಬಿಡದೆ ಹೇಳಿದೆ. ಅವಳು ಪತ್ರವನ್ನು ಪೂರ್ತಿ ಓದಿ, ಮಡಚಿ ನನ್ನ ಕೈಗೇ ಕೊಟ್ಟಳು.

"ಕಂಪ್ಯೂಟರಿಂದ ಅಳಿಸ್ದೆ, ಸರಿ. ಆ ಪಂಕ್ತಿಲಿ ಕೂತವನ ತಲೆಯಿಂದ ಹ್ಯಾಂಗೆ ಅಳಿಸ್ತೆ ತಮಾ?"

ಪತ್ರವನ್ನು ಜೇಬಿಗೆ ಸೇರಿಸಿದೆ. ಆಮೇಲೆ ಊಟಕ್ಕೆ ಎಬ್ಬಿಸಿದಳು. ಎಲೆಯ ತುದಿಗೆ ಒಂದು ಮಿಡಿ ಬಿತ್ತು. ಅದೇ ಮರದ್ದು, ಉಳಿದಿರುವುದು ಇದೊಂದೇ ಭರಣಿಯಂತೆ. ಮರ ಚಿಗುರಿದರೂ ಮತ್ತೆ ಮಿಡಿ ಬಿಡಲು ಎಷ್ಟು ವರ್ಷವೋ. ಕಚ್ಚಿದೆ. ಜೀವಮಾನದಲ್ಲಿ ಮೊದಲ ಸಲ ಊಟ ಮುಗಿಯುವವರೆಗೆ ಒಂದು ಮಾತೂ ಆಡಲಿಲ್ಲ.

ಇದನ್ನೆಲ್ಲ ಬರೆದರೆ ಮನಸ್ಸು ಹಗುರಾದೀತು ಎಂದು ಬರೆದೆ. ಹೆಂಡತಿ ಓದಿ ಹಣೆ ಚಚ್ಚಿಕೊಂಡಳು. "ಕಂಪ್ಯೂಟರಿಗೆ ಬೀಗ ಇದ್ದು, ನಿಂಗಕ್ಕೆ ಇಲ್ಲೆ" ಎಂದಳು. ಅವಳು ಹೇಳುವುದು ಸರಿಯೆನಿಸಿ ಪದ್ದತ್ತೆಯ ಹೆಸರನ್ನೂ ಊರನ್ನೂ ಬದಲಾಯಿಸಿದ್ದೇನೆ. ನೀವು ಇಡಗುಂದಿಯ ಹಳ್ಳಗಳನ್ನೆಲ್ಲ ಜಾಲಾಡಿದರೂ ಅಂಥ ಮರ ಸಿಗುವುದಿಲ್ಲ. ಅಲ್ಲದೆ ಹಳ್ಳದಾಚೆ ಅದರದ್ದೇ ಬೀಜದಿಂದ ಎದ್ದ ಇನ್ನೊಂದು ಮರ ಇದೆ, ಅದು ಕಳ್ಳರ ಕಣ್ಣಿಗೆ ಬಿದ್ದಿಲ್ಲ ಎಂದು ಪದ್ದತ್ತೆ ಹೊರಡುವಾಗ ಹೇಳಿದಳು. ಅದು ಇರುವುದು ಎಲ್ಲಿ ಎಂದರೆ...

ಇಲ್ಲಿ ಎರಡು ಸಾಲುಗಳಿದ್ದವು. ನನ್ನ ಹೆಂಡತಿ ಹೊಡೆದುಹಾಕಿದ್ದಾಳೆ.