ಬೊಲ್ಲನಿಗೆ ಇಟ್ಟ ತಲೆಕೆಳಗಿನ ಬಾಟ್ಲಿ

ನಮ್ಮ ಬಂಟ್ವಾಳದಲ್ಲಿ ನಾಯಿಗಳಿಗೆ ನೀರು ಕೊಡದೆ ಒಣಗಿಸಿದರು, ಒಣಗಿದ ಮೇಲೆ ಹುಚ್ಚು ಹಿಡಿದಿದೆ ಎಂದು ಗುಂಡು ಹೊಡೆದರು. ಆದ ತಪ್ಪು ಇದು. ಇದಕ್ಕೆ ಚಂದದ ಹೆಸರು ಇಡಲು ನನಗೆ ಬರುವುದಿಲ್ಲ. ಪ್ರತಿ ವರ್ಷ ಏಪ್ರಿಲ್ ಬಿಸಿಲು ಏರಿತೆಂದರೆ ಈ ನಾಟಕ ಮತ್ತೆ ಶುರುವಾಗುತ್ತದೆ. ಪ್ರತಿ ಸಲವೂ ನಗು ಬರುವಂಥದ್ದು ಏನಾದರೊಂದು ಆಗಿಯೇ ಆಗುತ್ತದೆ. ಓದುವವರು ನಗಲಿ. ನನ್ನ ನಾಯಿಯ ಸರದಿ ಬಂದ ವರ್ಷ ನನಗೆ ಮಾತ್ರ ನಗು ಬಂದದ್ದು ಎಲ್ಲ ಮುಗಿದ ಮೇಲೆ.

ನಾನು ನಾಲ್ಕನೇ ಕ್ಲಾಸಿನ ಮೇಲೆ ಓದಿದವನಲ್ಲ. ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದೆ. ಗಿರಾಕಿಗಳು ಬೆಂಚಿನ ಮೇಲೆ ಬಿಟ್ಟು ಹೋದ ಪೇಪರುಗಳಲ್ಲಿ ಓದು ಕಲಿತೆ, ಸರ್ಕಾರಕ್ಕೆ ಅರ್ಜಿ ಬರೆದೂ ಬರೆದೂ ಬರವಣಿಗೆ ಕಲಿತೆ. ಹುಚ್ಚು ನಾಯಿ ಎಂಬುದೇ ಇಲ್ಲ ಎಂದು ವಾದಿಸುವ ಮೂರ್ಖ ನಾನಲ್ಲ. ಕಚ್ಚಿಸಿಕೊಂಡ ಒಬ್ಬ ಸತ್ತದ್ದನ್ನು ಹತ್ತಿರದಿಂದ ನೋಡಿದ್ದೇನೆ. ಆದರೆ ಹುಚ್ಚು ಬೇರೆ, ಬಾಯಾರಿಕೆ ಬೇರೆ. ಇಷ್ಟು ತಿಳಿಯಲು ಶಾಲೆಗೆ ಹೋಗಬೇಕಾಗಿಲ್ಲ.

೧. ಪಂಕ್ಚರಿನ ಬಾಣಲೆ

ಸೈಕಲ್ ಅಂಗಡಿಯಲ್ಲಿ ಒಂದು ಬಾಣಲೆ ನೀರು ಯಾವಾಗಲೂ ಇರುತ್ತದೆ. ಟ್ಯೂಬಿಗೆ ಗಾಳಿ ತುಂಬಿ ಅದರಲ್ಲಿ ಮುಳುಗಿಸಬೇಕು. ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲಿ ತೂತು. ಆ ಪೇಟೆಯಲ್ಲಿ ನಾಯಿಯ ಬಾಯಿಗೆ ಎಟುಕುವ ನೀರು ಅದೊಂದೇ. ದಿನಾ ಬಂದು ಕುಡಿಯುತ್ತಿದ್ದ ನಾಯಿ ಬೊಲ್ಲ. ಮೈಯೆಲ್ಲ ಬಿಳಿ, ಒಂದು ಕಿವಿ ಹರಿದಿತ್ತು. ಅದನ್ನು ನಾನು ಸಾಕಿದೆ ಎನ್ನುವುದು ಸುಳ್ಳು. ಒಂದು ದಿನ ಬೆಂಚಿನ ಕೆಳಗೆ ಮಲಗಿತು, ಮತ್ತೆ ಆ ಜಾಗ ಬಿಡಲಿಲ್ಲ. ನನ್ನ ಗಂಜಿಯಲ್ಲಿ ಅರ್ಧ ಅದಕ್ಕೆ ಹೋಗತೊಡಗಿತು. ಹೆಂಡತಿ ಮಕ್ಕಳಿಲ್ಲದ ನನಗೆ ಮಾತಾಡಲು ಇದ್ದದ್ದು ಅದೊಂದೇ.

ಒಂದು ಮಧ್ಯಾಹ್ನ ಪಂಚಾಯತಿನ ಒಬ್ಬ ಮೆಂಬರು ಹೊಸ ಸೈಕಲ್ ತಳ್ಳಿಕೊಂಡು ಬಂದರು. ನಾನು ಟ್ಯೂಬು ಬಿಚ್ಚುವಾಗ ಬೊಲ್ಲ ಬಾಣಲೆಗೆ ಬಾಯಿ ಹಾಕಿತು. ಅವರಿಗೆ ಸಿಟ್ಟು ಬಂತು. ತಮ್ಮ ಟ್ಯೂಬನ್ನು ನಾಯಿಯ ಎಂಜಲಲ್ಲಿ ಮುಳುಗಿಸುವುದೋ ಎಂದು ಕೇಳಿದರು. ನಿಮ್ಮ ಚಕ್ರ ಬೆಳಗ್ಗಿನಿಂದ ಸೆಗಣಿಯ ಮೇಲೆ ಉರುಳಿ ಬಂದಿದೆ, ಸೆಗಣಿ ಏನೂ ದೂರು ಕೊಡಲಿಲ್ಲವಲ್ಲ ಎಂದೆ. ನೀರು ಚೆಲ್ಲಲೇಬೇಕೆಂದು ಹಟ ಹಿಡಿದರು. ಚೆಲ್ಲಿದೆ. ಖಾಲಿ ಬಾಣಲೆಯನ್ನು ನೋಡಿ ಬೊಲ್ಲ ನಾಲಿಗೆ ಜೋತು ಹಾಕಿಕೊಂಡು ಅವರ ಕಡೆಗೆ ಎರಡು ಸಲ ಬೊಗಳಿತು.

ವಾರ ಕಳೆಯುವುದರೊಳಗೆ ಹುಚ್ಚು ನಾಯಿಗಳನ್ನು ಹೊಡೆಯುವುದೆಂದು ಡಂಗುರ ಸಾರಿದರು. ಪಟ್ಟಿಯಲ್ಲಿ ಮೊದಲನೆಯದು ಸೈಕಲ್ ಅಂಗಡಿಯ ಬಿಳಿ ನಾಯಿ. ಹುಚ್ಚಿನ ಲಕ್ಷಣ ಬರೆಯುವ ಜಾಗದಲ್ಲಿ ‘ಸದಸ್ಯರನ್ನು ಕಂಡು ಬೊಗಳಿತು’ ಎಂದಿತ್ತು. ಅದಕ್ಕೆ ಬುದ್ಧಿ ನೆಟ್ಟಗಿದೆ ಎನ್ನಲು ನನಗೆ ಬೇರೆ ಸಾಕ್ಷಿಯೇ ಬೇಕಿರಲಿಲ್ಲ.

೨. ಬೀಳದ ನೀರು

ಗುರುವಾರ ಪಂಚಾಯತು ಅಧ್ಯಕ್ಷರ ಮನೆಗೆ ಹೋದೆ. ಅವರು ದೊಡ್ಡ ಜಮೀನಿನ ಧನಿ. ಅವರು ಚಾವಡಿಯಲ್ಲಿ ಕೂತರು, ನಾನು ಅಂಗಳದ ಬಿಸಿಲಲ್ಲಿ ನಿಂತೆ. ಹುಚ್ಚು ನಾಯಿ ನೀರಿಗೆ ಹೆದರುತ್ತದೆ, ಅದೊಂದೇ ಪರೀಕ್ಷೆ ಎಂದರು. "ಸೋಮವಾರ ಹತ್ತು ಜನರ ಎದುರು ನಿನ್ನ ನಾಯಿ ನೀರು ಕುಡಿದರೆ ಬಿಡ್ತೇನೆ. ಕುಡಿಯದಿದ್ದರೆ ಕೋವಿ. ಮತ್ತೆ ಅರ್ಜಿ ಗಿರ್ಜಿ ಎಂದು ಬರಬೇಡ ಮಾರಾಯ."

ಪಂಕ್ಚರಿನ ನೀರು ಕುಡಿಸಿದರೆ ಎಂಜಲು, ಕೊಳಕು ಎಂದು ಮತ್ತೆ ತಕರಾರು ಬರುತ್ತದೆ. ಬೀದಿಯ ಎಲ್ಲ ನಾಯಿಗಳಿಗೂ ದಿನವಿಡೀ ಸಿಗುವ ಹಾಗೆ ಶುದ್ಧ ನೀರು ಇಡಬೇಕು, ಅದನ್ನೇ ಪರೀಕ್ಷೆಯ ದಿನ ಊರಿಗೆ ತೋರಿಸಬೇಕು ಎಂದು ನಿಶ್ಚಯ ಮಾಡಿದೆ. ಬಾಣಲೆಯಲ್ಲಿ ಬಾಟ್ಲಿ ತೊಳೆಯುವಾಗ ಒಂದು ಸಂಗತಿಯನ್ನು ಮೊದಲೇ ಗಮನಿಸಿದ್ದೆ. ತುಂಬಿದ ಬಾಟ್ಲಿಯನ್ನು ಬುಡ ಮೇಲೆ ಮಾಡಿ ಎತ್ತಿದರೆ, ಬಾಯಿ ನೀರಿನೊಳಗೆ ಇರುವಷ್ಟು ಹೊತ್ತು ಒಳಗಿನ ನೀರು ಇಳಿಯುವುದಿಲ್ಲ. ಹಾಗಾಗಿ ಒಂದು ಬಾಟ್ಲಿ ತುಂಬಿಸಿ, ಹಳೆಯ ಸೈಕಲ್ ಕ್ಯಾರಿಯರನ್ನು ಕಂಬಕ್ಕೆ ಕಟ್ಟಿ, ಅದರ ಸ್ಪ್ರಿಂಗಿನಲ್ಲಿ ಬಾಟ್ಲಿಯನ್ನು ತಲೆಕೆಳಗಾಗಿ ಸಿಕ್ಕಿಸಿದೆ. ಕೆಳಗೆ ಮಣ್ಣಿನ ತಟ್ಟೆ. ಬಾಟ್ಲಿಯ ಬಾಯಿ ತಟ್ಟೆಯ ತಳದಿಂದ ಒಂದು ಬೆರಳು ಮೇಲೆ. ನಾಯಿ ಕುಡಿದಷ್ಟು ನೀರು ತಾನಾಗಿ ಇಳಿಯುತ್ತದೆ, ಹೆಚ್ಚು ಇಳಿಯುವುದಿಲ್ಲ.

ಬಾಟ್ಲಿ ಕೊಟ್ಟದ್ದು ಪಕ್ಕದ ದಿನಸಿ ಅಂಗಡಿಯ ಬ್ಯಾರಿ ಕಾಕ. ನೀರು ಈಗ ಚೆಲ್ಲುತ್ತದೆ, ಮತ್ತೆ ಚೆಲ್ಲುತ್ತದೆ ಎಂದು ತಮ್ಮ ಗಿರಾಕಿಗಳನ್ನು ಬಿಟ್ಟು ಬಂದು ನೋಡುತ್ತ ನಿಂತರು. ಚೆಲ್ಲಲಿಲ್ಲ. ಕೊನೆಗೆ ಹೇಳಿದರು, "ಇದು ನಮ್ಮ ಪಂಚಾಯತಿನ ಹಾಗೆ ಉಂಟಲ್ಲ. ಕೆಳಗೆ ಪೂರಾ ಖಾಲಿ ಆಗದೆ ಮೇಲಿನಿಂದ ಒಂದು ಹನಿ ಇಳಿಯುವುದಿಲ್ಲ."

"ಇಲ್ಲ ಕಾಕ," ಎಂದೆ, "ಇದರಲ್ಲಿ ಖಾಲಿ ಆದರೆ ಇಳಿಯುತ್ತದೆ."

೩. ಮೂಡುಬಿದಿರೆಯ ನಾಯಿಯ ನೇಮ

ಮೂಡುಬಿದಿರೆಯಲ್ಲಿ ಒಬ್ಬರು ಜೈನ ಬಟ್ಟೆ ವ್ಯಾಪಾರಿ ಇದ್ದರು. ಇರುವೆಯನ್ನೂ ತುಳಿಯದೆ ದಾಟಿ ನಡೆಯುವ ಮನುಷ್ಯ. ನಮ್ಮ ಅಧ್ಯಕ್ಷರಿಗೆ ಹಳೆಯ ಸ್ನೇಹಿತ. ಅವರಿಂದ ಒಂದು ಮಾತು ಹೇಳಿಸಿದರೆ ಬೊಲ್ಲ ಉಳಿಯಬಹುದೆಂದು ಶುಕ್ರವಾರ ಒಂದು ಬಾಟ್ಲಿ, ಒಂದು ತಟ್ಟೆ ಹಿಡಿದುಕೊಂಡು ಬಸ್ಸು ಹತ್ತಿದೆ.

ಅವರಿಗೆ ಬಾಟ್ಲಿ ಮೆಚ್ಚುಗೆಯಾಯಿತು. ಆದರೆ ಸೋಸದ ನೀರಿನಲ್ಲಿ ಜೀವಿಗಳಿರುತ್ತವೆ ಎಂದು ಬಾಟ್ಲಿಯ ಬಾಯಿಗೆ ಮೂರು ಮಡಿಕೆ ಬಟ್ಟೆ ಕಟ್ಟಿದರು. ನೀರು ಇಳಿಯಲೇ ಇಲ್ಲ. ಮೊದಲೇ ಸೋಸಿ ತುಂಬಿಸುವ ಎಂದು ಒಪ್ಪಿಸಲು ಅರ್ಧ ಗಂಟೆ ಬೇಕಾಯಿತು. ನಿಂತ ನೀರನ್ನು ದಿನಕ್ಕೆರಡು ಸಲ ಬದಲಿಸಬೇಕು ಎಂದು ಅವರೂ ನನಗೆ ಕಲಿಸಿದರು, ಅದು ನನಗೆ ಹೊಳೆದಿರಲಿಲ್ಲ. ಸಂಜೆ ಸೂರ್ಯ ಇಳಿಯುವಾಗ ತಟ್ಟೆಯ ಮೇಲೆ ಬುಟ್ಟಿ ಮುಚ್ಚಿದರು. ಯಾಕೆಂದು ಕೇಳಿದೆ. ಕತ್ತಲಾದ ಮೇಲೆ ಈ ಮನೆಯಲ್ಲಿ ಯಾರೂ ಏನೂ ಮುಟ್ಟುವುದಿಲ್ಲ, ನಾಯಿಯೂ ಅಷ್ಟೇ, ಹತ್ತು ವರ್ಷದಿಂದ ಅದರ ನೇಮ ತಪ್ಪಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಅಧ್ಯಕ್ಷರಿಗೆ ಒಂದು ಚೀಟಿಯನ್ನೂ ಬರೆದುಕೊಟ್ಟರು.

ನಾನು ಬಸ್ಸಿಗೆ ಕಾಯುತ್ತಿದ್ದೆ. ಆ ನೇಮದ ನಾಯಿ ರಸ್ತೆ ದಾಟಿ ಹೋಟೆಲಿನ ಹಿಂದೆ ಪಾತ್ರೆ ತೊಳೆಯುವ ಗುಂಡಿಯಲ್ಲಿ ಹೊಟ್ಟೆ ಬಿರಿಯುವಷ್ಟು ಕುಡಿಯಿತು. ಮೂತಿ ಒರಸಿಕೊಂಡು ಮನೆಗೆ ಹಿಂದಿರುಗಿ ಜಗಲಿಯ ಮೇಲೆ ಕೂತಿತು. ಅಷ್ಟು ಭಕ್ತಿಯ ಮುಖವನ್ನು ನಾನು ಬಸದಿಯಲ್ಲೂ ಕಂಡಿಲ್ಲ.

೪. ಬೆಳ್ತಂಗಡಿಯ ಸರ್ಟಿಫಿಕೇಟು

ಚೀಟಿಯನ್ನು ಓದಿದ ಅಧ್ಯಕ್ಷರು ಆ ಪುಣ್ಯಾತ್ಮರಿಗೆ ಹಾವೂ ಒಳ್ಳೆಯದೇ ಎಂದು ಮಡಚಿ ಇಟ್ಟರು. ಉಳಿದದ್ದು ದನದ ಡಾಕ್ಟರು. ಶನಿವಾರ ಒಂದು ಬಾಟ್ಲಿ ಹಿಡಿದುಕೊಂಡು ಬೆಳ್ತಂಗಡಿಗೆ ಹೋದೆ. ಡಾಕ್ಟರು ಕ್ಯಾಂಪಿಗೆ ಹೋಗಿದ್ದರು, ಅಳದಂಗಡಿ ಕಡೆ, ಯಾವಾಗ ಬರುತ್ತಾರೆಂದು ಗೊತ್ತಿಲ್ಲ. ಕಂಪೌಂಡರ್ ಇದ್ದ. ನನ್ನ ನಾಯಿಗೆ ಹುಚ್ಚಿಲ್ಲ ಎಂದು ಬರೆದುಕೊಡಿ ಎಂದೆ.

"ನಾಯಿ ಎಲ್ಲಿ?"

"ಬಂಟ್ವಾಳದಲ್ಲಿ. ತರುವುದೋ?"

"ಹುಚ್ಚು ಇದ್ದರೆ ತರಬೇಡಿ. ಇಲ್ಲಿ ಜನ ಇದ್ದಾರೆ."

"ಹುಚ್ಚು ಇಲ್ಲ."

"ಇಲ್ಲದಿದ್ದರೆ ಸರ್ಟಿಫಿಕೇಟ್ ಎಂತಕ್ಕೆ?"

ತಲೆ ಬಿಸಿಯಾಗಿ ಎದುರಿನ ಹೋಟೆಲಿಗೆ ಹೋದೆ. ಅಲ್ಲಿ ಕಂಡದ್ದನ್ನು ಹೇಳದೆ ಬಿಡುವುದಿಲ್ಲ. ಒಳಗೆ ಬೆಂಚು, ಗ್ಲಾಸು. ಹೊರಗೆ ಮಾಡಿನ ಸೂರಿಗೆ ತೂಗು ಹಾಕಿದ ತೆಂಗಿನ ಗೆರಟೆಗಳು, ಬರಿಯ ಚಿಪ್ಪು. ಕೆಲವು ಜಾತಿಯವರು ಹೊರಗೆ ನಿಂತು ಆ ಗೆರಟೆಯಲ್ಲಿ ಚಾ ಕುಡಿದು, ತಾವೇ ತೊಳೆದು ತೂಗು ಹಾಕಿ ಹೋಗಬೇಕು. ಅಸ್ಪೃಶ್ಯತೆ ಕೂಡದೆಂಬ ಕಾನೂನು ಬಂದಾಗಿತ್ತು, ಗೆರಟೆ ಇಳಿದಿರಲಿಲ್ಲ. ಹೋಟೆಲಿನವರು ನನ್ನ ಕೈಯ ಬಾಟ್ಲಿ ಏನೆಂದು ಕೇಳಿ ತಿಳಿದುಕೊಂಡು ತಮಗೆ ಎರಡು ಬೇಕೆಂದರು. ಒಂದು ಬೀದಿ ನಾಯಿಗಳಿಗೆ, ಒಂದು ತಮ್ಮ ಮನೆಯ ನಾಯಿಗೆ, ಅದು ಒಳ್ಳೆ ಜಾತಿಯದ್ದು. ಮೈ ಉರಿಯಿತು. ಆದರೂ ಅವರದೇ ಬಾಟ್ಲಿ, ತಟ್ಟೆ ತರಿಸಿ ಅಲ್ಲೇ ಎರಡನ್ನೂ ಕಟ್ಟಿಕೊಟ್ಟೆ. ನಾಯಿಗಳು ಏನು ಮಾಡುತ್ತವೆಂದು ನೋಡಬೇಕಿತ್ತು ನನಗೆ.

ಬೀದಿ ನಾಯಿಗಳು ಬಂದು ಒಳ್ಳೆ ಜಾತಿಯ ತಟ್ಟೆಯಲ್ಲಿ ಕುಡಿದವು. ಒಳ್ಳೆ ಜಾತಿಯದ್ದು ಎದ್ದು ಬಂದು, ಎರಡನ್ನೂ ಮೂಸಿ, ಬೀದಿಯ ತಟ್ಟೆಗೆ ಬಾಯಿ ಹಾಕಿತು. ಹೋಟೆಲಿನವರು ಚಮಚ ಬೀಸುತ್ತ ಓಡಿಸಿದರು, ಅದು ಮತ್ತೆ ಬಂತು. ಹೊರಗೆ ಗೆರಟೆ ಹಿಡಿದು ನಿಂತಿದ್ದ ಮುದುಕನೊಬ್ಬ ಮೆಲ್ಲಗೆ ಹೇಳಿದ, "ಅದಕ್ಕೂ ಒಂದು ಗೆರಟೆ ಕೊಡಿ ಧನಿ. ಜಾಗ ಉಂಟು, ನಾನು ಸರಿದು ನಿಲ್ಲುತ್ತೇನೆ."

೫. ಸೋಮವಾರ

ಸರ್ಟಿಫಿಕೇಟ್ ಇಲ್ಲ, ಚೀಟಿ ನಡೆಯಲಿಲ್ಲ. ಉಳಿದದ್ದು ಬೊಲ್ಲ ನೀರು ಕುಡಿಯುವುದೊಂದೇ. ಇಲ್ಲಿ ನಾನು ಎರಡು ತಪ್ಪು ಮಾಡಿದೆ, ಎರಡನ್ನೂ ಒಪ್ಪಿಕೊಳ್ಳುತ್ತೇನೆ. ಊರಿಗೆ ದೊಡ್ಡದಾಗಿ ತೋರಿಸಬೇಕೆಂಬ ಜಂಬಕ್ಕೆ ಚಿಕ್ಕ ಬಾಟ್ಲಿ ತೆಗೆದು, ಕಾಕನಿಂದ ಎಣ್ಣೆಯ ಭಾರೀ ಬಾಟ್ಲಿ ತಂದು ತೊಳೆದು ಸಿಕ್ಕಿಸಿದೆ. ಎಲ್ಲರ ಎದುರು ತಪ್ಪದೆ ಕುಡಿಯಲಿ ಎಂದು ಬೆಳಗ್ಗಿನಿಂದ ಬೊಲ್ಲನಿಗೆ ಒಂದು ತೊಟ್ಟು ನೀರು ಕೊಡದೆ ಕಟ್ಟಿ ಹಾಕಿದೆ. ನೀರಿಗಾಗಿ ಹೋರಾಡಿದವನು ನಾನೇ, ಒಣಗಿಸಿದವನೂ ನಾನೇ.

ಹನ್ನೊಂದು ಗಂಟೆಗೆ ಅಧ್ಯಕ್ಷರು ಬಂದರು. ಆ ಮೆಂಬರು ಬಂದರು, ಪೇಟೆಯ ಜನ ಸೇರಿತು. ಅವರ ಹಿಂದೆ ಕೋವಿಯವ. ಹೊಲಕ್ಕೆ ಬರುವ ಹಂದಿ ಹೊಡೆಯಲು ಲೈಸನ್ಸ್ ಇದ್ದ, ಪೊಳಲಿ ಕಡೆಯ ಒಬ್ಬ ರೈತ. ಮುಖದಲ್ಲಿ ಬೆವರು ಒಣಗಿ ಉಪ್ಪಾಗಿತ್ತು.

ಬೊಲ್ಲನ ಹಗ್ಗ ಬಿಚ್ಚಿದೆ. ನಾಲಿಗೆ ಮೊಳದುದ್ದ ಜೋತಿತ್ತು, ಜೊಲ್ಲು ಸುರಿಯುತ್ತಿತ್ತು. ನೇರ ತಟ್ಟೆಗೆ ಓಡಿತು. ಮೂರು ಸಲ ನೆಕ್ಕಿತು. ತಟ್ಟೆಯ ನೀರು ಇಳಿದದ್ದೇ ತಡ, ದೊಡ್ಡ ಬಾಟ್ಲಿಯೊಳಗೆ ಗಾಳಿ ನುಗ್ಗಿ ‘ಗುಳುಂ’ ಎಂದಿತು. ಚಿಕ್ಕ ಬಾಟ್ಲಿ ಅಂಥ ಸದ್ದು ಮಾಡಿದ್ದೇ ಇಲ್ಲ. ಬೊಲ್ಲ ನಾಲ್ಕು ಮಾರು ಹಿಂದೆ ಹಾರಿ ಬಾಟ್ಲಿಗೆ ಬೊಗಳಿತು. ಮತ್ತೆ ಹತ್ತಿರ ಹೋಯಿತು, ನೆಕ್ಕಿತು, ‘ಗುಳುಂ’. ಮತ್ತೆ ಹಾರಿತು.

ಅಧ್ಯಕ್ಷರು ಎಲ್ಲರ ಕಡೆ ತಿರುಗಿದರು. "ನೋಡಿದಿರಲ್ಲ. ನೀರಿಗೆ ಹೆದರ್ತದೆ."

ಅದು ನೀರಿಗಲ್ಲ, ಸದ್ದಿಗೆ ಹೆದರುವುದು ಎಂದು ಕೂಗಿದೆ. ಯಾರೂ ಕೇಳಲಿಲ್ಲ. ಹೊಡಿ ಎಂದು ಅಧ್ಯಕ್ಷರು ಕೋವಿಯವನಿಗೆ ಹೇಳಿದರು. ನಾನು ಬೊಲ್ಲನ ಮುಂದೆ ಹೋಗಿ ನಿಂತೆ. ಹೀರೋ ಆಗಲು ನಿಂತದ್ದಲ್ಲ. ನನ್ನ ತಪ್ಪಿಗೆ ಅದು ಸಾಯುವುದನ್ನು ನೋಡಲು ಆಗುತ್ತಿರಲಿಲ್ಲ, ಅಷ್ಟೇ.

ಕೋವಿಯವ ಮುಂದೆ ಬಂದ. ನನ್ನನ್ನು ದಾಟಿದ, ನಾಯಿಯನ್ನೂ ದಾಟಿದ. ಕೋವಿಯನ್ನು ಕಂಬಕ್ಕೆ ಒರಗಿಸಿದ.

"ಇದು ಕುಡಿಯುವ ನೀರೋ?"

"ಬಾವಿಯದ್ದು," ಎಂದೆ.

ಅವನು ಬಾಟ್ಲಿಯನ್ನು ಕ್ಯಾರಿಯರಿನಿಂದ ಎಳೆದು ತೆಗೆದ. ತಲೆ ಹಿಂದೆ ವಾಲಿಸಿ, ಮೇಲಿನಿಂದ ಗಂಟಲಿಗೆ ಸುರಿದುಕೊಂಡ. ಮೈ ಮೇಲೆ ಚೆಲ್ಲಿತು, ನಿಲ್ಲಿಸಲಿಲ್ಲ. ಅರ್ಧ ಬಾಟ್ಲಿ ಖಾಲಿ ಮಾಡಿ ಉಸಿರು ಬಿಟ್ಟ. ಸದ್ದು ಮಾಡುವ ಬಾಟ್ಲಿ ತಟ್ಟೆಯಿಂದ ಹೋದದ್ದೇ ಬೊಲ್ಲ ಬಂದು ತಟ್ಟೆಯನ್ನು ತಳ ಕಾಣುವವರೆಗೆ ನೆಕ್ಕಿತು. ಕೋವಿಯವ ಬಗ್ಗಿ ಇನ್ನಷ್ಟು ಸುರಿದ. ಅದನ್ನೂ ಕುಡಿಯಿತು.

"ಬೆಳಗ್ಗೆ ಪೊಳಲಿಯಿಂದ ನಡೆದು ಬಂದವ ನಾನು," ಎಂದ ಅವನು, ಅಧ್ಯಕ್ಷರನ್ನು ನೋಡುತ್ತ. "ನಾಲ್ಕು ಮನೆಯವರು ನಾಯಿ ತೋರಿಸಿದರು. ನೀರು ತೋರಿಸಿದವರು ಒಬ್ಬರಿಲ್ಲ."

ಮೆಂಬರು ಮಾತ್ರ ಬಿಡದೆ, ನಾಯಿ ಹಿಂದೆ ಹಾರಿದ್ದನ್ನು ನಾನು ಕಣ್ಣಾರೆ ಕಂಡೆ ಎಂದರು.

ಕೋವಿಯವ ಕೋವಿ ಹೆಗಲಿಗೆ ಹಾಕಿಕೊಂಡ. "ನಾನೂ ಕಂಡೆ. ನಾಯಿ ನಾಲ್ಕು ಮಾರು ಹಾರಿತು, ನೀವು ಆರು ಮಾರು ಹಾರಿ ಬ್ಯಾರಿಯವರ ಅಂಗಡಿಯೊಳಗೆ ಹೋದಿರಿ. ಯಾರನ್ನು ಮೊದಲು ಹೊಡೆಯುವುದೆಂದು ಅಧ್ಯಕ್ಷರು ಹೇಳಲಿ."

ಪೇಟೆ ಘೊಳ್ಳೆಂದು ನಕ್ಕಿತು, ಬೊಲ್ಲ ಉಳಿಯಿತು. ಆ ದಿನ ನಕ್ಕ ಜನರಲ್ಲಿ ಹೆಚ್ಚಿನವರು ಮನೆಗೆ ಹೋಗಿ ಊಟ ಮಾಡಿ ಮಲಗಿದರು. ತಟ್ಟೆ ಇಟ್ಟವರು ಮೂವರು. ನಕ್ಕರೆ ನೀರು ಬರುವುದಿಲ್ಲ. ಈ ಪುಸ್ತಕವನ್ನು ಇಲ್ಲೇ ಮುಚ್ಚಿ ಏಳಿ. ಒಂದು ಚಿಕ್ಕ ಬಾಟ್ಲಿ ತೊಳೆಯಿರಿ, ತುಂಬಿಸಿ, ಗೇಟಿನ ಹೊರಗೆ ನೆರಳಲ್ಲಿ ತಟ್ಟೆಯ ತಳದಿಂದ ಒಂದು ಬೆರಳು ಮೇಲೆ ಬಾಯಿ ಇರುವ ಹಾಗೆ ತಲೆಕೆಳಗಾಗಿ ಕಟ್ಟಿ. ನಾಳೆ ಬೆಳಗ್ಗೆ ನೀರು ಬದಲಿಸಿ. ಆ ಹೊತ್ತಿಗೆ ಬಿಸಿಲಲ್ಲಿ ಯಾರಾದರೂ ನಡೆದು ಬರುತ್ತಿದ್ದರೆ, ಯಾವ ಜಾತಿ, ಯಾವ ಊರು ಎಂದು ವಿಚಾರಿಸಬೇಡಿ. ಚಾವಡಿಗೆ ಕರೆದು ಕೂರಿಸಿ, ನಿಮ್ಮದೇ ಗ್ಲಾಸಿನಲ್ಲಿ ನೀರು ಕೊಡಿ.