ಹಿಂದಿನ ಭಾರ, ಮುಂದಿನ ಸೀಟು

ಇಸ್ಕೂಲು ಬಿಟ್ಟು ಊರೂರು ಸುತ್ತಿದವನ ಕೈಗೆ ಸ್ಟೀರಿಂಗ್ ಸಿಕ್ಕಿದರೆ, ಜಗಳ ತಾನಾಗಿಯೇ ಬಂದು ಪಕ್ಕದಲ್ಲಿ ಕೂರುತ್ತದೆ. ತೊಂಬತ್ತನೇ ಇಸವಿಯ ಆಚೀಚೆ ದೊಡ್ಡಬಳ್ಳಾಪುರದ ಸೀರೆ ವ್ಯಾಪಾರಿಯೊಬ್ಬರ ಕಾರು ಓಡಿಸುತ್ತಿದ್ದೆ. ಎಲ್ಲೂ ಆರು ತಿಂಗಳು ನಿಲ್ಲದ ನಾನು ಅಲ್ಲಿ ಎರಡು ವರ್ಷ ನಿಂತೆ. ಬರೀ ಹಟಕ್ಕೆ.

೧

ಯಜಮಾನರು ಸೀರೆ ಗಂಟುಗಳನ್ನೆಲ್ಲ ಡಿಕ್ಕಿಗೇ ತುರುಕಿಸುತ್ತಿದ್ದರು. ಕಾರು ಕುಂಡೆ ಊರಿ, ಮೂತಿ ಎತ್ತಿ ನಿಲ್ಲುತ್ತಿತ್ತು. ಒಂದು ದಿನ ಎರಡು ಗಂಟು ತೆಗೆದು ಮುಂದಿಟ್ಟೆ.

"ಯಾಕಪ್ಪಾ?"

"ಹಿಂದೆ ಭಾರ ಜಾಸ್ತಿಯಾದ್ರೆ ಮುಂದಿನ ಚಕ್ರ ಮಾತು ಕೇಳಲ್ಲ ಸಾರ್. ಏನಾದ್ರೂ ಅಡ್ಡ ಬಂದು ಗಕ್ಕನೆ ತಿರುಗಿಸಿದ್ರೆ ಹಿಂಭಾಗ ಎಳ್ಕೊಂಡು ಹೋಗುತ್ತೆ."

"ಏಳನೇ ಕ್ಲಾಸಿಗೇ ಬಿಟ್ಟವನು ನನಗೆ ಪಾಠ ಹೇಳ್ತೀಯಾ?"

"ತಕ್ಕಡಿ ಪಾಠ ಆರರಲ್ಲೇ ಆಗಿತ್ತು ಸಾರ್."

೨

ಎರಡು ಹೊಸ ಟೈರು ಬಂದವು. "ಮುಂದಕ್ಕೇ ಹಾಕು, ಜನ ನೋಡೋದು ಮುಖಾನೇ" ಎಂದರು. ಸವೆದು ನುಣ್ಣಗಾದವು ಹಿಂದೆ ಉಳಿದವು.

ಮಾರನೇ ವಾರ ದೇವನಹಳ್ಳಿ ರಸ್ತೆಯಲ್ಲಿ ತುಂತುರು ಮಳೆ. ಎಮ್ಮೆ ಅಡ್ಡ ಬಂತು, ತಿರುಗಿಸಿದೆ. ಎಮ್ಮೆ ಉಳಿಯಿತು. ಕಾರು ಹಿಂಭಾಗ ಜಾರಿ, ಗಿರ್ರನೆ ಸುತ್ತಿ, ಬಂದ ದಾರಿಗೇ ಮುಖಮಾಡಿ ನಿಂತಿತು. ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ ಯಜಮಾನರು ಕಣ್ಣುಬಿಟ್ಟರು.

"ಯಾಕೋ ವಾಪಸ್ ಹೊರಟೆ? ಏನು ಮರೆತೆ?"

"ಹಿಂದಿನ ಟೈರು ಸಾರ್."

ಆವತ್ತೇ, ಕೇಳದೆ, ಹೊಸವನ್ನು ಹಿಂದಕ್ಕೆ ಹಾಕಿದೆ.

೩

ಅವರ ಮಗಳ ನಿಶ್ಚಿತಾರ್ಥ. ಡಿಕ್ಕಿ ತುಂಬ ಅಕ್ಕಿ ಮೂಟೆ, ತೆಂಗಿನಕಾಯಿ, ಹಿತ್ತಾಳೆ ಪಾತ್ರೆ. ಯಜಮಾನರು ನೆಂಟರೆದುರೇ ಗುಡುಗಿದರು: "ಇವತ್ತು ಒಂದು ಮೂಟೆ ಮುಟ್ಟಿದ್ರೂ ಕೀ ಇಟ್ಟು ನಡಿ."

ಮೂಟೆ ಮುಟ್ಟಲಿಲ್ಲ. ಯಜಮಾನರು ಒಣಕಲು ನುಗ್ಗೆಕಾಯಿ, ಮುಂದಿನ ಸೀಟು ಸದಾ ಅವರದು. ಅವರ ತಾಯಿ ಇಬ್ಬರ ತೂಕ, ಸದಾ ಹಿಂದೆ. ನಾನು ಮುಂದಿನ ಬಾಗಿಲು ತೆಗೆದು, "ಅಜ್ಜೀ, ನೀವಿಲ್ಲಿ ಬನ್ನಿ" ಎಂದೆ.

"ಲೇ, ಬೀಗರೆದುರು ನಾನು ಹಿಂದಿನ ಸೀಟಿಂದ ಇಳೀಬೇಕೇನೋ?"

"ಬೀಗರ ಮನೆ ತಲುಪಿದ್ರೆ ತಾನೆ ಸಾರ್ ಇಳಿಯೋದು?"

ಅಷ್ಟರಲ್ಲಿ ಅಜ್ಜಿ ಕೂತಾಗಿತ್ತು. ಯಜಮಾನರು ಗೊಣಗುತ್ತ ಹಿಂದೆ ಹತ್ತಿದರು.

ಆವತಿ ಹತ್ತಿರ ಓಣಿಯಿಂದ ಹುಲ್ಲಿನ ಗಾಡಿ ರಸ್ತೆಗೆ ನುಗ್ಗಿತು. ಬಲಕ್ಕೆಳೆದೆ, ಎಡಕ್ಕೆಳೆದೆ. ಕಾರು ಒಮ್ಮೆ ತೂಗಿ ನೆಟ್ಟಗಾಯಿತು. ಗಾಡಿಯವನ ಬಾಯಿಂದ ಬೀಡಿಯೂ ಬೀಳಲಿಲ್ಲ. ಬಿದ್ದದ್ದು ಒಂದೇ: ಹಿಂದಿನ ಸೀಟಲ್ಲಿದ್ದ ಬಾಳೆಗೊನೆ, ಯಜಮಾನರ ರೇಷ್ಮೆ ಪಂಚೆ ಮೇಲೆ. ಹಣ್ಣೆಲ್ಲ ಮೆತ್ತಿಕೊಂಡಿತು.

"ನಿಲ್ಸೋ ಗಾಡಿ! ಕೀ ಕೊಡು!"

ನಿಲ್ಲಿಸಿದೆ. ಕೀ ಕಿತ್ತು ಚಾಚಿದೆ. ಅಜ್ಜಿ ಅದನ್ನು ಕಸಿದು ನನ್ನ ಕೈಗೇ ವಾಪಸ್ಸಿಟ್ಟು, ಹಿಂದೆ ತಿರುಗದೆಯೇ ಹೇಳಿದರು:

"ಇಳಿಯೋದಾದ್ರೆ ನೀನೇ ಇಳಿಯೋ ಮಗನೇ. ಹಿಂದಿನ ಭಾರ ಇನ್ನಷ್ಟು ಕಮ್ಮಿಯಾಗುತ್ತೆ."