ಕಮಲಕ್ಕನ ಅಂಗಳದಲ್ಲಿ ಒಂದು ಸಹಜ ಫೋಟೋ

ತಪ್ಪು ಸುಹೈಲನದೇ. ನಾಳೆ ಫೋಟೋ ತೆಗೆಯಲು ಬರುತ್ತೇನೆಂದು ಕಮಲಕ್ಕನಿಗೆ ಮುಂಚಿತವಾಗಿ ಹೇಳಬಾರದಿತ್ತು. ಕಾಪುವಿನ ಕಡಲ ಬದಿಯಲ್ಲಿ ಫೋಟೋದ ಸುದ್ದಿ ಬಂಗುಡೆ ಮೀನಿನ ಸಾರಿನ ಪರಿಮಳಕ್ಕಿಂತ ಬೇಗ ಹಬ್ಬುತ್ತದೆ ಎನ್ನುವುದು ಅಲ್ಲೇ ಹುಟ್ಟಿ ಬೆಳೆದ ಅವನಿಗೆ ಗೊತ್ತಿರದ ಸಂಗತಿಯಲ್ಲ.

ಆದರೆ ಅವನು ಹುರುಪಿನಲ್ಲಿ ಉಬ್ಬಿಹೋಗಿದ್ದ. ಮೀಸೆ ಚಿಗುರಿದಾಗಿನಿಂದ ಅಬ್ದುಲ್ ಮಾಮನ ಸ್ಟುಡಿಯೋದಲ್ಲಿ ದುಡಿದು, ಕಾರ್ಕಳದಿಂದ ಪಡುಬಿದ್ರಿಯವರೆಗಿನ ಮದುವೆ ಹಾಲ್‌ಗಳಲ್ಲಿ "ಎಲ್ಲರೂ ಈ ಕಡೆ ನೋಡಿ, ಸ್ವಲ್ಪ ನಗಿ" ಎಂದು ಕೂಗಿ ಕೂಗಿ ಅವನ ನಾಲಗೆ ಸವೆದಿತ್ತು. ಈಚೆಗೆ ಮಣಿಪಾಲದ ಒಂದು ಶಿಬಿರಕ್ಕೆ ಹೋಗಿ ಬಂದವನು ಶಪಥ ಮಾಡಿದ್ದ: ಇನ್ನು ಪೋಸ್ ಇಲ್ಲ, ನಿಲ್ಲಿ ಕೂರಿ ಎನ್ನುವುದಿಲ್ಲ, ಜನರ ದಿನನಿತ್ಯದ ಬದುಕನ್ನು ಇದ್ದ ಹಾಗೆಯೇ ತೆಗೆಯುವುದು. ಅಲ್ಲಿ ಗ್ಯಾಲರಿ ನಡೆಸುವ ಇಮೆಲ್ಡಾ ಮೇಡಂ, "ನಾಳೆ ಸಂಜೆಯೊಳಗೆ ಒಂದು ಒಳ್ಳೆಯ ಫೋಟೋ ತನ್ನಿ. ಸಹಜ ಬದುಕಿನ ಪ್ರದರ್ಶನದ ಗೋಡೆಯಲ್ಲಿ ಕೊನೆಯ ಜಾಗ ಖಾಲಿ ಉಂಟು" ಎಂದಿದ್ದರು.

ಇಂದು ಬೆಳಿಗ್ಗೆ ಅಬ್ದುಲ್ ಮಾಮನೂ ಒಂದು ಮಾತು ಹೇಳಿದ್ದ. "ನಿನ್ನ ಫೋಟೋ ಆ ಗೋಡೆ ಹತ್ತಿದರೆ ನಿನ್ನ ದಾರಿ ನಿನಗೆ. ಹತ್ತದಿದ್ದರೆ ನಾಳೆ ಬೆಳಿಗ್ಗೆ ಬಂದು ಸ್ಟುಡಿಯೋದ ಶಟರ್ ಎತ್ತು. ಮತ್ತೆ ಸಹಜ ಗಿಹಜ ಅಂತ ನನ್ನ ಹತ್ತಿರ ಬರಬೇಡ."

ಸುಹೈಲ್ ಕಮಲಕ್ಕನ ಅಂಗಳಕ್ಕೆ ಕಾಲಿಟ್ಟ. ದಿನವೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೀನು ಒಣಗಿಸುವ ಕಮಲಕ್ಕ ಇಂದು ರೇಷ್ಮೆ ಸೀರೆಯಲ್ಲಿ, ಮೊಳಗಟ್ಟಲೆ ಮಲ್ಲಿಗೆ ಮುಡಿದು ನಿಂತಿದ್ದಳು. ಬರಿಮೈಯಲ್ಲೇ ಬಲೆ ಹೊಲಿಯುವ ಅವಳ ಗಂಡ ಗುಣಪಾಲಣ್ಣ ಇಸ್ತ್ರಿ ಮಾಡಿದ ಅಂಗಿ, ತಂಪು ಕನ್ನಡಕ ಹಾಕಿ ಮದುಮಗನ ಮಾವನಂತೆ ಬಿಗಿದುಕೊಂಡಿದ್ದ. ಅಂಗಳದಲ್ಲಿ ಒಂದು ಮೀನೂ ಇರಲಿಲ್ಲ.

"ಮೀನು ಎಲ್ಲಿ ಕಮಲಕ್ಕ?"

"ಫೋಟೋದಲ್ಲಿ ಮೀನು ಎಂತಕ್ಕೆ ಮಗಾ? ನೋಡಿದವರು ಎಂತ ಹೇಳಿಯಾರು! ಹಿತ್ತಿಲಿಗೆ ಹಾಕಿದ್ದೇನೆ."

"ನನಗೆ ಮೀನೇ ಬೇಕು! ದಿನಾ ಹೇಗೆ ಇರುತ್ತೀರೋ ಹಾಗೆಯೇ ಇರಿ. ನಾನು ಇಲ್ಲಿ ಇಲ್ಲವೇ ಇಲ್ಲ ಅಂತ ಎಣಿಸಿ."

"ನೀನು ಇಲ್ಲ ಅಂತಾದರೆ ಈ ಚಾ ಯಾರಿಗೆ ಮಾರಾಯ?" ಎಂದ ಗುಣಪಾಲಣ್ಣ, ಲೋಟ ಚಾಚುತ್ತಾ.

ಅಷ್ಟರಲ್ಲಿ ಪಕ್ಕದ ಮನೆಯ ಅಪೊಲೋನಿಯಾ ಬಾಯಿ ಒಂದು ಕೈಯಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಇನ್ನೊಂದರಲ್ಲಿ ಪೌಡರ್ ಡಬ್ಬಿ ಹಿಡಿದು ಬಂದರು. "ನನ್ನ ಮಗ ಕುವೈಟಿನಿಂದ ಕಳಿಸಿದ್ದು. ಹಾಕು ಕಮಲಾ, ಇಲ್ಲದಿದ್ದರೆ ಮುಖ ಕಪ್ಪು ಬರುತ್ತದೆ." ಅವರ ಬೆನ್ನಿಗೇ ಕೇರಿಯ ಹೆಂಗಸರೆಲ್ಲ ತಲೆ ಬಾಚಿಕೊಂಡು ಬಂದು ಸಾಲಾಗಿ ನಿಂತರು.

ಸುಹೈಲ್ ಕೈ ಮುಗಿದು ಬೇಡಿದ ಮೇಲೆ ಮೀನು ಮತ್ತೆ ಅಂಗಳದ ಟರ್ಪಾಲಿಗೆ ಬಂತು. ಕಮಲಕ್ಕ ಅದರ ಎದುರು ಸತ್ಯನಾರಾಯಣ ಪೂಜೆಗೆ ಕೂತವಳಂತೆ ಕೂತಳು. ಮೀನು ಮುಟ್ಟು ಎಂದರೆ ಮಾತ್ರ ಒಪ್ಪಲಿಲ್ಲ. "ಇದು ಮಗಳ ಮದುವೆಯ ಸೀರೆ ಅಲ್ವಾ!"

ಕೊನೆಗೆ ಅವನು ಮಗುಚಿ ಹಾಕಿದ್ದ ದೋಣಿಯ ಹಿಂದೆ ಅಡಗಿ ಕುಳಿತ. ಅದೂ ಕೂಡಿಬರಲಿಲ್ಲ. ಅವನು ಕ್ಯಾಮೆರಾ ಎತ್ತಿದಾಗಲೆಲ್ಲ ಗುಣಪಾಲಣ್ಣ ಬೆರಳು ತೋರಿಸಿ, "ಅಗೋ, ತೆಗೆಯುತ್ತಿದ್ದಾನೆ!" ಎಂದು ಸಾರುತ್ತಿದ್ದ. ಅಷ್ಟೂ ಜನ ಒಟ್ಟಿಗೆ ತಿರುಗಿ ಹಲ್ಲು ತೋರಿಸುತ್ತಿದ್ದರು. ಮಧ್ಯಾಹ್ನ ಕಳೆಯಿತು, ಬಿಸಿಲು ಇಳಿಯಿತು, ಸುಹೈಲನ ಮುಖ ಒಣಮೀನಿನಂತಾಯಿತು.

ಎಲ್ಲರೂ ಕ್ಯಾಮೆರಾ ನೋಡುತ್ತಿದ್ದುದರಿಂದ ಮೀನು ನೋಡುವವರು ಯಾರೂ ಇರಲಿಲ್ಲ. ಮೊದಲು ಒಂದು ಕಾಗೆ ಇಳಿಯಿತು. ಅದು ರುಚಿ ನೋಡಿ ಬಳಗವನ್ನು ಕರೆಯಿತು. ಮೇಲಿಂದ ಗಿಡುಗ ಎರಗಿತು, ಎಲ್ಲಿಂದಲೋ ಬೆಕ್ಕುಗಳು ನುಗ್ಗಿದವು.

"ಅಯ್ಯಯ್ಯೋ, ನನ್ನ ಮೀನು!" ಕಮಲಕ್ಕ ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ತೆಂಗಿನಕಡ್ಡಿಯ ಹಿಡಿಸೂಡಿ ಹಿಡಿದು ಹಾರಿದಳು. ಗುಣಪಾಲಣ್ಣ ಕುರ್ಚಿಯನ್ನೇ ಬೀಸಿದ. ಅಪೊಲೋನಿಯಾ ಬಾಯಿ ಪೌಡರ್ ಡಬ್ಬಿ ಎಸೆದರು, ಅದು ಒಡೆದು ಅಂಗಳದ ತುಂಬ ಬಿಳಿ ಮೋಡ ಎದ್ದಿತು. ಹಿಂದೆ ಕಡಲು, ಇಳಿಬಿಸಿಲು, ನಡುವೆ ಮಲ್ಲಿಗೆ ಚೆದುರಿದ ಕಮಲಕ್ಕನ ಎತ್ತಿದ ಕೈ!

ಸುಹೈಲನಿಗೆ ರೋಮಾಂಚನವಾಯಿತು. ಅವನು ಅಲ್ಲಿರುವುದನ್ನು ಎಲ್ಲರೂ ಮರೆತೇಬಿಟ್ಟಿದ್ದರು. ಇದೇ ಬದುಕು, ಇದೇ ಗೋಡೆಯ ಫೋಟೋ! ಕ್ಯಾಮೆರಾ ಕಣ್ಣಿಗೆ ಹಿಡಿದ, ಬೆರಳು ಗುಂಡಿಯ ಮೇಲಿಟ್ಟ.

"ಎಲ್ಲರೂ ಈ ಕಡೆ ನೋಡಿ!"

ಕೂಗಿದ್ದು ಅವನದೇ ಬಾಯಿ.

ಎಲ್ಲರೂ ನೋಡಿದರು. ಕಮಲಕ್ಕ ಸೆರಗು ಸರಿಮಾಡಿದಳು, ಗುಣಪಾಲಣ್ಣ ಕನ್ನಡಕ ಏರಿಸಿದ, ಅಪೊಲೋನಿಯಾ ಬಾಯಿ ಗಲ್ಲ ಎತ್ತಿದರು. ಬಂಗುಡೆ ಕಚ್ಚಿದ್ದ ಕಾಗೆ ಕೂಡ ಕತ್ತು ತಿರುಗಿಸಿತು. ಕ್ಲಿಕ್. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮರುಕ್ಷಣ ಹಕ್ಕಿಗಳೆಲ್ಲ ಹಾರಿಹೋಗಿದ್ದವು.

ಬೇರೆ ಗತಿಯಿಲ್ಲದೆ ಅದೇ ಫೋಟೋ ಹಿಡಿದು ಅವನು ಮಣಿಪಾಲಕ್ಕೆ ಬೈಕು ಓಡಿಸಿದ. ಇಮೆಲ್ಡಾ ಮೇಡಂ ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು, ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಇಷ್ಟು ಗಲಾಟೆಯಲ್ಲೂ ಎಲ್ಲರೂ ನಿಮ್ಮ ಒಂದೇ ಮಾತಿಗೆ ತಿರುಗಿದರಾ?"

"ತಿರುಗಿದರು ಮೇಡಂ" ಎಂದ ಸುಹೈಲ್, ತಲೆ ತಗ್ಗಿಸಿ.

"ಇಂಥವರನ್ನೇ ನಾನು ಹುಡುಕುತ್ತಿದ್ದದ್ದು! ಬರುವ ತಿಂಗಳು ಶಿರ್ವದಲ್ಲಿ ಉಂಟು. ಬರುತ್ತೀರಿ ಅಲ್ವಾ?"

ಶಿರ್ವದಲ್ಲೂ ಪ್ರದರ್ಶನ! ಸುಹೈಲನಿಗೆ ಕುಣಿಯುವಂತಾಯಿತು. "ಖಂಡಿತ ಮೇಡಂ! ಜನ ಸೇರುತ್ತಾರಾ?"

"ಎಂತ ಕೇಳುತ್ತೀರಿ! ಚರ್ಚಿನ ಹಾಲ್ ತುಂಬಿ ಹೊರಗೆ ನಿಲ್ಲಬೇಕು."

ಅವನು ಆಗಲೇ ಮಾಮನಿಗೆ "ಗೆದ್ದೆ" ಎಂದು ಮೆಸೇಜು ಒತ್ತಿಬಿಟ್ಟ.

"ಮೊದಲ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್, ಮರುದಿನ ಮದುವೆ" ಎಂದರು ಮೇಡಂ. "ನನ್ನ ತಂಗಿಯ ಮಗಳದ್ದು. ನಮ್ಮ ಕುಟುಂಬದವರು ಒಂದು ಗ್ರೂಪ್ ಫೋಟೋಕ್ಕೂ ನೆಟ್ಟಗೆ ನಿಂತವರಲ್ಲ. ನೀವೇ ಸರಿ."

"ಮತ್ತೆ... ಗೋಡೆ?"

"ಗೋಡೆಗಾ? ಅದು ಸಹಜ ಬದುಕಿನ ಪ್ರದರ್ಶನ ಅಲ್ವಾ? ಇದರಲ್ಲಿ ಕಾಗೆ ಸಹ ಪೋಸ್ ಕೊಟ್ಟಿದೆ!"

ಮೆಟ್ಟಿಲಿಳಿಯುವಾಗ ಫೋನ್ ಬಡಿಯಿತು. ಕಮಲಕ್ಕ.

"ಮಗಾ, ಫೋಟೋ ಚಂದ ಬಂದಿದೆಯಾ? ಆ ಹಾಳು ಕಾಗೆಯನ್ನು ಕಂಪ್ಯೂಟರಿನಲ್ಲಿ ತೆಗೆಯಲಿಕ್ಕೆ ಆಗುತ್ತದಾ? ಮೀನನ್ನು ಕೂಡ?"

"ಆಗುತ್ತದೆ ಕಮಲಕ್ಕ" ಎಂದು ಸುಹೈಲ್ ನಿಟ್ಟುಸಿರು ಬಿಟ್ಟ. "ನಾಳೆ ಬೆಳಿಗ್ಗೆ ಸ್ಟುಡಿಯೋಕ್ಕೆ ಬನ್ನಿ. ಶಟರ್ ಎತ್ತುವುದು ನಾನೇ."